ಸೊಟ್ಟ ಅಚ್ಚು

“ಬುದ್ಧಿ, ತಾನೇ ಸೊಟ್ಟಗಿರುವವನು ಇನ್ನೊಬ್ಬರನ್ನು ನೆಟ್ಟಗೆ ಮಾಡುವುದು ಹೇಗೆ?”

ಗುರುಗಳನ್ನು ಹೀಗೆ ಕೇಳಿದವನು ರೇವಣಯ್ಯ. ಮಠದ ಪ್ರಸಾದ ನಿಲಯದಲ್ಲಿ ಉಳಿದು ಓದುವ ಮಕ್ಕಳ ಉಸ್ತುವಾರಿ ಅವನದು. ಹಿಂದಿನ ದಿನ ಊಟದ ಪಂಕ್ತಿಯಲ್ಲಿ ಒಬ್ಬ ಹುಡುಗ ಅವನಿಗೆ ಎದುರು ಮಾತನಾಡಿದ್ದ. ರೇವಣಯ್ಯ ಅವನ ಕೆನ್ನೆಗೆ ಹೊಡೆದಿದ್ದ. ಹುಡುಗ ತಾಟು ಬಿಟ್ಟು ಎದ್ದುಹೋದ. ಉಳಿದ ಮಕ್ಕಳು ತಲೆ ಎತ್ತದೆ ಉಂಡು ಮುಗಿಸಿದರು. ಇದು ಮೊದಲ ಸಲವೂ ಅಲ್ಲ. ಪ್ರತಿ ಸಲವೂ ಅವನು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದ. ಸ್ವಲ್ಪ ದಿನ ಸರಿ ಇರುತ್ತಿದ್ದ. ಮತ್ತೆ ಯಾರಾದರೂ ಕೆಣಕಿದರೆ ಕೈ ತಾನಾಗಿ ಏಳುತ್ತಿತ್ತು.

ಆದ್ದರಿಂದ ಅವನು ಒಂದು ತೀರ್ಮಾನ ಮಾಡಿಕೊಂಡು ಬಂದಿದ್ದ. ಈ ಕೆಲಸದಿಂದ ತನ್ನನ್ನು ಬಿಡಿಸಬೇಕು, ಗುಡ್ಡದ ಮೇಲಿನ ಹಳೆಯ ಗವಿಯಲ್ಲಿ ಒಬ್ಬನೇ ಇರಲು ಅಪ್ಪಣೆ ಕೊಡಬೇಕು, ಕೋಪ ಪೂರ್ತಿ ಹೋಯಿತು ಎಂದು ತನಗೆ ಖಾತ್ರಿಯಾದ ದಿನ ಕೆಳಗಿಳಿದು ಬಂದು ಮಕ್ಕಳನ್ನು ನೋಡಿಕೊಳ್ಳುತ್ತೇನೆ ಎಂದ. ಸೊಟ್ಟ ಅಳತೆಗೋಲು ಹಿಡಿದು ಗೋಡೆ ಕಟ್ಟಿದರೆ ಗೋಡೆಯೂ ಸೊಟ್ಟಗಾಗುತ್ತದೆ, ಅದಕ್ಕಿಂತ ಕಟ್ಟದಿರುವುದೇ ಮೇಲು ಎಂದ.

ಗುರುಗಳು ಕೂತುಕೋ ಎಂದು ಕೈ ತೋರಿಸಿ ಈ ಕತೆ ಹೇಳಿದರು.

ಒಂದೂರಿನಲ್ಲಿ ಅಣ್ಣ ತಮ್ಮ ಇಬ್ಬರಿದ್ದರು. ಮರಗೆಲಸ ಅವರ ಕಸುಬು. ಅವರ ಹಿತ್ತಿಲಲ್ಲಿ ತಂದೆ ಕಟ್ಟಿದ್ದ ಒಂದು ಲೇತು ಇತ್ತು. ಕೈಯಿಂದ ತಿರುಗಿಸುವ ಚಿಕ್ಕ ಲೇತು. ಒಬ್ಬರು ಹಿಡಿಕೆ ಹಿಡಿದು ದೊಡ್ಡ ಗಾಲಿಯನ್ನು ತಿರುಗಿಸಬೇಕು. ಗಾಲಿಗೆ ಹಾಕಿದ ಹಗ್ಗ ಒಂದು ಅಚ್ಚನ್ನು ತಿರುಗಿಸುತ್ತದೆ. ಅಚ್ಚಿನ ತುದಿಗೆ ಸಿಕ್ಕಿಸಿದ ಮರದ ತುಂಡು ಅದರೊಂದಿಗೆ ಗರಗರ ಸುತ್ತುತ್ತದೆ. ಇನ್ನೊಬ್ಬರು ಅದಕ್ಕೆ ಉಳಿ ಕೊಟ್ಟರೆ ಮರ ದುಂಡಗೆ ಕಡೆದು ಬರುತ್ತದೆ. ಆ ಊರಿನ ತೊಟ್ಟಿಲ ಗುಬ್ಬಿ, ಮಂಚದ ಕಾಲು, ಲಟ್ಟಣಿಗೆ, ಬುಗುರಿ ಎಲ್ಲವೂ ಆ ಲೇತಿನಲ್ಲೇ ಹುಟ್ಟಿದವು.

ತಂದೆ ತೀರಿಕೊಂಡ ಮೇಲೆ ಮನೆ ಎರಡಾಯಿತು. ಪಾತ್ರೆ ಪಡಗ ಹಂಚಿಕೊಂಡರು. ಬಾಚಿ, ಗರಗಸ, ಉಳಿ ಹಂಚಿಕೊಂಡರು. ಲೇತನ್ನು ಹಂಚುವುದು ಹೇಗೆ? ಹಿರಿಯ ನಾನು, ನನಗೆ ಸೇರಬೇಕು ಎಂದ ಅಣ್ಣ. ಅದರ ಮುಂದೆ ಹೆಚ್ಚು ಕೂತವನು ನಾನು ಎಂದ ತಮ್ಮ. ಮಾತಿಗೆ ಮಾತು ಬೆಳೆಯಿತು. ನೆಂಟರು ಬಿಡಿಸಲು ಬಂದು ಇನ್ನಷ್ಟು ಬೆಳೆಸಿದರು. ಕೊನೆಗೆ ತಮ್ಮ, ನೀನೇ ಇಟ್ಟುಕೋ, ಇದಕ್ಕಿಂತ ಒಳ್ಳೆಯದನ್ನು ನಾನೇ ಕಟ್ಟಿಕೊಳ್ಳುತ್ತೇನೆ ಎಂದು ಎಲ್ಲರೆದುರು ಹೇಳಿ, ಹೆಂಡತಿಯನ್ನು ಕರೆದುಕೊಂಡು ಅವಳ ತವರೂರಿಗೆ ಹೊರಟುಬಿಟ್ಟ.

ಅದು ನೇಕಾರರ ಊರು. ಹೆಂಡತಿ ತವರಿನಲ್ಲಿ ಕಲಿತ ಕೆಲಸವನ್ನೇ ಮತ್ತೆ ಹಿಡಿದಳು. ಓಣಿಯ ಮಗ್ಗಗಳಿಗೆಲ್ಲ ಕಂಡಿಕೆ ಸುತ್ತಿಕೊಡತೊಡಗಿದಳು. ಕಂಡಿಕೆ ಎಂದರೆ ನೂಲು ಸುತ್ತಿ ಲಾಳಿಯೊಳಗೆ ಇಡುವ ಗೇಣುದ್ದದ ಕೋಲು. ಅದು ದುಂಡಗಿರಬೇಕು, ನುಣ್ಣಗಿರಬೇಕು. ಆ ಊರಿನಲ್ಲಿ ಅದನ್ನು ಚಾಕುವಿನಿಂದ ಕೆತ್ತಿಕೊಳ್ಳುತ್ತಿದ್ದರು. ಎಲ್ಲೋ ಒಂದು ಕಡೆ ಏಣು ಉಳಿಯುತ್ತಿತ್ತು, ನೇಯುವಾಗ ನೂಲು ಅಲ್ಲಿಗೇ ಸಿಕ್ಕಿ ತುಂಡಾಗುತ್ತಿತ್ತು. ತುಂಡಾದಾಗಲೆಲ್ಲ ನೇಕಾರರು ಬೈಯುತ್ತಿದ್ದುದು ಕೋಲನ್ನಲ್ಲ, ಸುತ್ತಿದವಳನ್ನು. ಒಳ್ಳೆಯ ಕೋಲು ಬೇಕೆಂದರೆ ಲೇತಿದ್ದ ಊರಿಗೇ ಹೋಗಿ ತರಬೇಕು. ಅಂದರೆ ಅಣ್ಣನ ಬಳಿ.

ತಮ್ಮ ಹಿತ್ತಿಲಲ್ಲಿ ಒಂದು ಚಪ್ಪರ ಹಾಕಿ ಲೇತು ಕಟ್ಟಲು ಕೂತ. ಒಳ್ಳೆಯ ಕೆಲಸಗಾರ. ಬೇವಿನ ತೊಲೆಯಿಂದ ಅಡಿಪಾಯ ಮಾಡಿದ, ಅದರ ಮೇಲೆ ಎರಡು ಗಟ್ಟಿ ಕಂಬ ನಿಲ್ಲಿಸಿದ. ಮುರಿದ ಚಕ್ಕಡಿಯ ಗಾಲಿಯೊಂದು ಸಿಕ್ಕಿತು. ಅದಕ್ಕೆ ಹಿಡಿಕೆ ಜೋಡಿಸಿ ಹಗ್ಗ ಕೂರುವಂತೆ ಸುತ್ತಲೂ ಕೊರೆದು ತಗ್ಗು ತೆಗೆದ. ನೋಡಿದವರು ಭೇಷ್ ಎಂದರು. ಉಳಿದದ್ದು ಅಚ್ಚು ಒಂದೇ.

ಹುಣಸೆಯ ಚೇಗು, ಅಂದರೆ ಒಳಗಿನ ಗಟ್ಟಿ ಮರ, ತಂದು ಬಾಚಿಯಿಂದ ಕೆತ್ತಿದ. ಉಜ್ಜುಗೊರಡು ಹಿಡಿದು ಏಣು ತೆಗೆದ. ದಾರ ಎಳೆದು ನೋಡಿದ, ಹಲಗೆಯ ಮೇಲೆ ಉರುಳಿಸಿ ನೋಡಿದ. ಕಣ್ಣಿಗೆ ನೆಟ್ಟಗಿತ್ತು, ಬೆರಳಿಗೆ ದುಂಡಗಿತ್ತು. ಕಂಬಗಳ ತೂತಿನಲ್ಲಿ ಕೂರಿಸಿ ಗಾಲಿ ತಿರುಗಿಸಿದರೆ ಲೇತು ಇಡಿಯಾಗಿ ಅದುರಿತು. ಕಲ್ಲುದಾರಿಯಲ್ಲಿ ಹೋಗುವ ಬಂಡಿಯಂತೆ ಅದುರಿತು. ಅಚ್ಚನ್ನು ಬಿಚ್ಚಿ ಒಂದು ಮಗ್ಗುಲು ಕೆತ್ತಿದ. ಮತ್ತೆ ಕೂರಿಸಿದರೆ ಇನ್ನೊಂದು ಮಗ್ಗುಲಿಗೆ ಎಳೆಯಿತು. ಹಾಗೆ ಕೆತ್ತಿ ಕೆತ್ತಿ ಅಚ್ಚು ಸಣಕಲಾಗಿ ಕೆಲಸಕ್ಕೆ ಬಾರದಾಯಿತು. ಅದನ್ನು ಮೂಲೆಗೆ ಎಸೆದು ಹೊಸ ಮರ ತಂದ. ಅದೂ ಮೂಲೆ ಸೇರಿತು. ಮತ್ತೊಂದು ತಂದ.

ಎದುರು ಮನೆಯ ಹಿರಿಯ ನೇಕಾರ ಇದನ್ನು ದಿನವೂ ನೋಡುತ್ತಿದ್ದ. ಅಚ್ಚು ದುಂಡಗಾಗಬೇಕಾದರೆ ಲೇತು ಬೇಕು, ಲೇತು ಆಗಬೇಕಾದರೆ ದುಂಡಗಿನ ಅಚ್ಚು ಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂದ ಹಾಗಾಯಿತು ನಿನ್ನ ಕತೆ ಎಂದು ನಕ್ಕ. ಆಮೇಲೆ ನಗು ಬಿಟ್ಟು, ನಿಮ್ಮ ಅಣ್ಣನಿಗೆ ಇದು ಒಂದು ಹೊತ್ತಿನ ಕೆಲಸವಲ್ಲವೆ, ಹೋಗಿ ಒಂದು ಅಚ್ಚು ಕಡೆದುಕೊಡು ಎಂದು ಕೇಳಬಾರದೆ ಎಂದ. ತಮ್ಮ ಬಾಚಿ ಎತ್ತಿಕೊಂಡು ಮತ್ತೆ ಕೆತ್ತತೊಡಗಿದ. ಹಾಗೆ ಕೇಳುವುದಕ್ಕಿಂತ ಲೇತನ್ನು ಒಲೆಗೆ ಹಾಕುವುದು ಮೇಲು ಎಂದು ಅವನಿಗೆ ಅನಿಸಿತು. ತಂದೆ ತನ್ನ ಮೊದಲ ಅಚ್ಚನ್ನು ಹೇಗೆ ಮಾಡಿದನೋ ಎಂದು ಯೋಚಿಸಿದ. ಅಷ್ಟು ವರ್ಷ ಜೊತೆಗೆ ಕೂತು ಕೆಲಸ ಮಾಡಿದರೂ ಅದೊಂದನ್ನು ಕೇಳಿಟ್ಟುಕೊಳ್ಳಲಿಲ್ಲ ಎಂಬುದು ಅವನ ಮನಸ್ಸಿಗೆ ಚುಚ್ಚಿತು.

ಕೊನೆಗೆ ಅವನು ಕೈಚೆಲ್ಲಿದ. ಮರದ್ದೇ ದೋಷ, ಹುಟ್ಟಿನಿಂದಲೇ ನೆಟ್ಟಗಿರುವ ಮರ ಸಿಕ್ಕ ದಿನ ಮುಂದುವರಿಸುತ್ತೇನೆ, ಅಲ್ಲಿಯವರೆಗೆ ಅದನ್ನು ಮುಟ್ಟುವುದಿಲ್ಲ ಎಂದು ಹೆಂಡತಿಗೆ ಹೇಳಿದ. ಕಂಡವರ ಮನೆಗೆ ಬಾಗಿಲು ಚೌಕಟ್ಟು ಮಾಡಲು ಹೋಗತೊಡಗಿದ. ಲೇತಿನ ಮೇಲೆ ಕೋಳಿಗಳು ಕೂತವು. ಮನೆಯಲ್ಲಿ ಅವನ ಮಾತು ಕಡಿಮೆಯಾಯಿತು. ನೂಲು ತುಂಡಾಯಿತೆಂದು ಯಾರಾದರೂ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಬೈದರೆ ಅವನು ಎದ್ದು ಹಿತ್ತಿಲಿಗೆ ಹೋಗುತ್ತಿದ್ದ. ಹಿತ್ತಿಲಲ್ಲಿ ಲೇತು ಕಾಣುತ್ತಿತ್ತು. ಅಲ್ಲಿಯೂ ನಿಲ್ಲಲಾಗದೆ ಬೀದಿಗೆ ಬರುತ್ತಿದ್ದ.

ಹೀಗಿರುವಾಗ ಒಂದು ದಿನ ಹೆಂಡತಿಯ ನೂಲು ಸುತ್ತುವ ರಾಟೆ ಮುರಿಯಿತು. ಕೆಂಪು ಬಣ್ಣದಿಂದ ಆಗತಾನೆ ತೆಗೆದ ನೂಲು ಕೈಯಲ್ಲಿತ್ತು, ತಕ್ಷಣ ಸುತ್ತದಿದ್ದರೆ ಸಿಕ್ಕಾಗುತ್ತಿತ್ತು. ಗಂಡ ಮನೆಯಲ್ಲಿರಲಿಲ್ಲ. ಅವಳು ಕೋಳಿಗಳನ್ನು ಓಡಿಸಿ, ಲೇತಿನ ಎರಡು ಕಂಬಗಳಿಗೆ ಎದುರುಬದುರಾಗಿ ಒಂದೊಂದು ದಪ್ಪ ಮೊಳೆಯನ್ನು, ಮೊನೆ ಒಳಗೆ ಬರುವಂತೆ ಬಡಿದಳು. ಮೂಲೆಗೆ ಎಸೆದಿದ್ದ ಅಚ್ಚುಗಳಲ್ಲಿ ಒಂದನ್ನು ತಂದು ಎರಡು ಮೊನೆಗಳ ನಡುವೆ ಸಿಕ್ಕಿಸಿದಳು. ಗಾಲಿಯ ಹಗ್ಗವನ್ನು ಅದರ ಒಂದು ತುದಿಗೇ ಸುತ್ತಿ, ಬಲಗೈಯಿಂದ ಹಿಡಿಕೆ ತಿರುಗಿಸುತ್ತ ಎಡಗೈಯಿಂದ ನೂಲು ಕೊಟ್ಟಳು. ನೂಲು ಸುತ್ತಿಕೊಂಡಿತು. ಎಡಗೈ ನಡುಗಬಾರದೆಂದು, ಹಸಿ ಬಣ್ಣ ಹತ್ತಿದ ಹೆಬ್ಬೆರಳನ್ನು ಮರದ ಪಕ್ಕಕ್ಕೆ, ಮುಟ್ಟಿಯೂ ಮುಟ್ಟದ ಹಾಗೆ, ಊರಿಕೊಂಡಿದ್ದಳು.

ಮಧ್ಯಾಹ್ನ ಬಡಗಿ ಊಟಕ್ಕೆ ಬಂದ. ತನ್ನ ಲೇತಿಗೆ ಹೆಂಡತಿ ಮೊಳೆ ಬಡಿದದ್ದನ್ನು ಕಂಡು ಸಿಟ್ಟು ಬಂತು. ಬೈಯಬೇಕೆಂದು ಹತ್ತಿರ ಹೋದವನು ಅಲ್ಲೇ ನಿಂತ. ನೂಲಿಲ್ಲದ ಭಾಗದಲ್ಲಿ ಮರದ ಮೇಲೆ ಕೆಂಪು ಹತ್ತಿತ್ತು. ಸುತ್ತಲೂ ಅಲ್ಲ, ಒಂದು ಮಗ್ಗುಲಿಗೆ ಮಾತ್ರ. ಉಳಿದ ಕಡೆ ಮರದ ಬಣ್ಣವೇ ಇತ್ತು. ಇದೊಂದೇ ಕಡೆಗೆ ಏಕೆ ಬಣ್ಣ ಬಳಿದೆ ಎಂದು ಕೇಳಿದ.

“ನಾನು ಬಳಿಯಲಿಲ್ಲ. ಬೆರಳು ಇಟ್ಟಲ್ಲೇ ಇಟ್ಟಿದ್ದೆ. ಅದೇ ಬಂದು ಬಂದು ಮುಟ್ಟಿತು,” ಎಂದಳು ಅವಳು.

ಬಡಗಿ ಊಟಕ್ಕೆ ಹೋಗಲಿಲ್ಲ. ಅವಳು ನೂಲು ಸುತ್ತಿ ಮುಗಿಸುವವರೆಗೂ ಪಕ್ಕದಲ್ಲಿ ಕೂತು ಕಾದ. ಇಷ್ಟು ದಿನ ಅವನು ಆ ಮರವನ್ನು ಮಲಗಿಸಿ ನೋಡಿದ್ದ, ಮಲಗಿಸಿ ಕೆತ್ತಿದ್ದ. ಮಲಗಿದಾಗ ಅದರ ಸೊಟ್ಟ ಅವನ ಕಣ್ಣಿಗೆ ಬಿದ್ದಿರಲೇ ಇಲ್ಲ. ತಿರುಗಿದಾಗ, ಅಲುಗದೆ ನಿಂತ ಒಂದು ಬೆರಳಿಗೆ ತಾಗಿದಾಗ, ತಾನಾಗಿ ತೋರಿಸಿಕೊಂಡಿತ್ತು.

ನೂಲನ್ನು ಬಿಚ್ಚಿಕೊಂಡ ಮೇಲೆ ಹೆಂಡತಿಗೆ ಗಾಲಿ ತಿರುಗಿಸಲು ಹೇಳಿ, ಅವಳ ಹೆಬ್ಬೆರಳಿದ್ದ ಜಾಗಕ್ಕೆ ಉಳಿ ಹಿಡಿದ. ಮೊದಲು ಆಗಲಿಲ್ಲ. ಮರದ ಉಬ್ಬು ಬಂದಾಗ ಉಳಿ ಹಿಂದೆ ಸರಿಯಿತು, ತಗ್ಗು ಬಂದಾಗ ಮುಂದೆ ಹೋಯಿತು. ಉಬ್ಬೂ ಸವೆಯಿತು, ತಗ್ಗೂ ಸವೆಯಿತು, ಸೊಟ್ಟ ಹಾಗೇ ಉಳಿಯಿತು. ನಿಮ್ಮ ಕೈ ಅದರ ಜೊತೆಗೇ ಕುಣಿಯುತ್ತಿದೆ ಎಂದಳು ಹೆಂಡತಿ. ಅವನು ಎದ್ದುಹೋಗಿ ಒಂದು ಅಡ್ಡಪಟ್ಟಿ ತಂದು ಲೇತಿಗೆ ಜಡಿದ. ಉಳಿಯನ್ನು ಅದರ ಮೇಲೆ ಊರಿ, ಎರಡೂ ಕೈಗಳಿಂದ ಒತ್ತಿ ಹಿಡಿದ. ಬೇಗ ಮುಗಿಸುವ ಆಸೆಗೆ ಉಳಿಯನ್ನು ಮುಂದೆ ನೂಕಿದ. ಉಳಿ ಆಳಕ್ಕೆ ಕಚ್ಚಿ ಮರ ಮೊನೆಗಳಿಂದ ಹಾರಿಬಂದು ಅವನ ಹುಬ್ಬಿಗೆ ಬಡಿಯಿತು. ರಕ್ತ ಒರೆಸಿಕೊಂಡು ಮತ್ತೆ ಕೂರಿಸಿದ. ಈ ಸಲ ನೂಕಲಿಲ್ಲ. ಉಳಿಯನ್ನು ಇದ್ದಲ್ಲೇ ಇಟ್ಟು ಮರ ಬರುವುದನ್ನು ಕಾದ.

ಟಕ್ ಎಂದಿತು. ಒಂದು ಸುತ್ತಿಗೆ ಒಮ್ಮೆ, ಟಕ್. ಉಬ್ಬಿದ ಮಗ್ಗುಲು ಮಾತ್ರ ಬಂದು ಉಳಿಗೆ ತಾಗಿ ಒಂದು ಎಸಳು ಕಳೆದುಕೊಂಡು ಹೋಗುತ್ತಿತ್ತು. ಹೆಂಡತಿಯ ಕೈ ಒಂದೇ ಸಮನೆ ತಿರುಗುತ್ತಿರಲಿಲ್ಲ, ಒಮ್ಮೆ ಜೋರು, ಒಮ್ಮೆ ನಿಧಾನ. ಗಾಲಿಯೂ ಹಳೆಯದು, ಓಲಾಡುತ್ತಿತ್ತು. ಅದರಿಂದ ಏನೂ ಕೆಡಲಿಲ್ಲ. ಎರಡು ಮೊನೆ ಅಲುಗದಿದ್ದರೆ ಸಾಕಾಗಿತ್ತು, ಉಳಿ ಅಲುಗದಿದ್ದರೆ ಸಾಕಾಗಿತ್ತು. ಹೊತ್ತು ಹೋದಂತೆ ಟಕ್ ಎನ್ನುವ ಸದ್ದು ಉದ್ದವಾಯಿತು. ಆಮೇಲೆ ಅದು ಸದ್ದೇ ಬದಲಿಸಿ ಸರ್ರನೆ ಒಂದೇ ಎಳೆಯಾಯಿತು. ಸುರುಳಿ ತುಂಡಾಗದೆ ಅವನ ಮುಂಗೈ ಮೇಲೆ ಹರಿದುಬಂತು. ಹೆಂಡತಿ ಗಾಲಿ ನಿಲ್ಲಿಸಿದಳು. ಅವನು ಮರದ ಸುತ್ತ ಬೆರಳಾಡಿಸಿದ. ಕೆಂಪು ಎಲ್ಲಿಯೂ ಇರಲಿಲ್ಲ. ಹಗ್ಗವಿದ್ದ ತುದಿ ಉಳಿದಿತ್ತು. ಮರವನ್ನು ತಿರುಗಿಸಿ ಹಾಕಿ ಅದನ್ನೂ ಕಡೆದ. ಅವರು ಉಂಡಾಗ ಅನ್ನ ಆರಿಹೋಗಿತ್ತು.

ಆ ಅಚ್ಚನ್ನು ಕೂರಿಸಿದ ಮೇಲೆ ಲೇತು ಓಡಿತು. ಮೊದಲಿನಷ್ಟು ಅದುರಲಿಲ್ಲ. ಸ್ವಲ್ಪ ಅದುರಿತು, ಏಕೆಂದರೆ ಕೆತ್ತಿ ಕೆತ್ತಿ ಆ ಅಚ್ಚು ತೆಳ್ಳಗಾಗಿತ್ತು. ಅವನು ಈಗ ಕೈಚೆಲ್ಲಲಿಲ್ಲ. ಅದೇ ಮೊಳೆಗಳ ನಡುವೆ ಇನ್ನೊಂದು ದಪ್ಪನೆಯ ಅಚ್ಚನ್ನು ಕಡೆದು ಅದನ್ನು ಹಾಕಿದ. ಬೇಸಿಗೆಯಲ್ಲಿ ಮರ ಎಳೆದುಕೊಂಡು ಮತ್ತೆ ಅದುರು ಬಂದರೆ, ಬಿಚ್ಚಿ, ಮೊನೆಗಳ ನಡುವೆ ಇಟ್ಟು, ಬಂದಷ್ಟು ಸೊಟ್ಟವನ್ನು ತೆಗೆದು ಮತ್ತೆ ಕೂರಿಸುತ್ತಿದ್ದ. ಹುಟ್ಟಿನಿಂದಲೇ ನೆಟ್ಟಗಿರುವ ಮರವನ್ನು ಹುಡುಕುವುದನ್ನು ಮರೆತ. ಓಣಿಯವರಿಗೆ ದುಂಡಗಿನ ಕೋಲುಗಳು ಸಿಕ್ಕವು. ಬಾಗಿಲಲ್ಲಿ ನಿಂತು ಬೈಯುವುದು ತಾನಾಗಿ ನಿಂತುಹೋಯಿತು.

ಆ ಊರಿನವರು ಕೋಲಿಗಾಗಿ ಅಣ್ಣನ ಬಳಿ ಹೋಗುವುದೂ ನಿಂತಿತು. ಅದರಿಂದ ಅಣ್ಣನಿಗೆ ಸುದ್ದಿ ಮುಟ್ಟಿತು. ಒಂದು ಬೆಳಿಗ್ಗೆ ಅವನು ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ಹೆಗಲಿಗೇರಿಸಿಕೊಂಡು ಓಣಿಯಲ್ಲಿ ನಡೆದುಬರುವುದನ್ನು ತಮ್ಮ ದೂರದಿಂದಲೇ ಕಂಡ. ಜಗಳಕ್ಕೆ ಬಂದನೆಂದುಕೊಂಡ. ಅಣ್ಣ ಬಂದರೆ ಹೇಳಬೇಕೆಂದು ಅವನು ಎಷ್ಟೋ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ. ಎದುರಿಗೆ ಬಂದು ನಿಂತಾಗ ಬಾಯಿಗೆ ಬಂದದ್ದು, ಕೈಕಾಲು ತೊಳೆದುಕೋ ಅಣ್ಣ, ಎನ್ನುವುದು ಮಾತ್ರ.

ಅಣ್ಣ ಕೈಕಾಲು ತೊಳೆದು ಮಜ್ಜಿಗೆ ಕುಡಿದು ನೇರವಾಗಿ ಚಪ್ಪರಕ್ಕೆ ಹೋದ. ತಮ್ಮನಿಗೆ ಗಾಲಿ ತಿರುಗಿಸಲು ಹೇಳಿ, ತಿರುಗುವ ಅಚ್ಚಿಗೆ ಹೆಬ್ಬೆರಳ ಉಗುರು ಸೋಕಿಸಿದ. ಉಗುರು ನಡುಗಲಿಲ್ಲ. ಇದನ್ನು ಯಾರು ಕಡೆದುಕೊಟ್ಟರು ಎಂದು ಕೇಳಿದ. ತಮ್ಮ ಮೊಳೆಗಳನ್ನು ತೋರಿಸಿ ನಡೆದದ್ದನ್ನು ಹೇಳಿದ. ಹೆಂಡತಿ ನೂಲು ಸುತ್ತಿದ್ದನ್ನೂ ಹೇಳಿದ, ಹುಬ್ಬಿನ ಗಾಯದ ಗುರುತನ್ನೂ ತೋರಿಸಿದ. ಅಣ್ಣ ಆ ಮೊನೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಗಂಟು ಬಿಚ್ಚಿದ. ಒಳಗೆ ಒಂದು ಅಚ್ಚಿತ್ತು. ತಂದೆಯ ಲೇತಿನಲ್ಲಿ ಕಡೆದದ್ದು, ಎಣ್ಣೆ ಕುಡಿಸಿ ನುಣುಪು ಮಾಡಿದ್ದು.

“ನೀನು ಮನೆ ಬಿಟ್ಟ ವರ್ಷವೇ ಕಡೆದಿಟ್ಟಿದ್ದೆ. ಬಂದು ಕೇಳಲಿ, ಕೊಡುತ್ತೇನೆ ಅಂದುಕೊಂಡೆ,” ಎಂದ ಅಣ್ಣ. “ನೀನು ಬರಲಿಲ್ಲ. ನಾನೂ ತರಲಿಲ್ಲ.”

ತಮ್ಮ ತನ್ನ ಅಚ್ಚನ್ನು ಬಿಚ್ಚಿ ಬದಿಗಿಟ್ಟು ಅಣ್ಣ ತಂದದ್ದನ್ನು ಕೂರಿಸಿದ. ಗಾಲಿ ತಿರುಗಿಸಿದ. ಲೇತು ಇಡಿಯಾಗಿ ಅದುರಿತು.

ಅಣ್ಣನ ಮುಖ ಬಿಳಿಚಿತು. ಕಡೆದ ದಿನ ಅದು ಕೂದಲೆಳೆಯಷ್ಟೂ ಅದುರುತ್ತಿರಲಿಲ್ಲ, ಯಾರೂ ಮುಟ್ಟದಂತೆ ಬಟ್ಟೆ ಸುತ್ತಿ ಗೋಡೆಗೆ ಒರಗಿಸಿ ಜೋಪಾನ ಮಾಡಿದ್ದೆ ಎಂದ. ಒರಗಿಸಿಟ್ಟ ಮರ ಒರಗಿದ ಕಡೆಗೆ ಬಾಗುತ್ತದೆ ಎಂಬುದು ಇಬ್ಬರು ಬಡಗಿಗಳಿಗೂ ಗೊತ್ತಿತ್ತು. ತಮ್ಮ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅಚ್ಚನ್ನು ಬಿಚ್ಚಿ ಎರಡು ಮೊನೆಗಳ ನಡುವೆ ಸಿಕ್ಕಿಸಿದ. ಉಳಿಯನ್ನು ಅಣ್ಣನ ಕೈಗೆ ಕೊಟ್ಟು ತಾನು ಹೋಗಿ ಗಾಲಿಯ ಹಿಡಿಕೆ ಹಿಡಿದ. ಚಿಕ್ಕಂದಿನಲ್ಲಿ ತಂದೆಯ ಲೇತಿನ ಮುಂದೆ ಅವರು ಹಾಗೆಯೇ ಕೂರುತ್ತಿದ್ದರು. ಸ್ವಲ್ಪ ಹೊತ್ತು ಟಕ್ ಟಕ್ ಎಂದಿತು. ಆಮೇಲೆ ಸರ್ರೆಂದಿತು. ಅದನ್ನೇ ಲೇತಿಗೆ ಹಾಕಿದರು. ಅಣ್ಣ ಅಂದು ಅಲ್ಲೇ ಉಂಡು, ಸಂಜೆಗೆ ಊರಿಗೆ ಹೊರಟ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ರೇವಣಯ್ಯ ತಲೆ ತಗ್ಗಿಸಿ ಕೇಳುತ್ತಿದ್ದವನು ತಲೆ ಎತ್ತಿ, ಗವಿಯ ಮಾತು ಬಿಟ್ಟೆ ಬುದ್ಧಿ, ಗೋಡೆಗೆ ಒರಗಿದ ಅಚ್ಚು ನಾನಾಗುವುದಿಲ್ಲ ಎಂದ. ಅವನ ಮುಖದಲ್ಲಿ ಗೆಲುವು ಬಂದಿತ್ತು.

“ಇನ್ನು ಮುಂದೆ ಆ ಉಳಿಯ ಹಾಗೆ ಅಲುಗದೆ ನಿಲ್ಲುತ್ತೇನೆ, ಬುದ್ಧಿ. ಒರಟು ಮಕ್ಕಳು ಎಷ್ಟೇ ಕುಣಿಯಲಿ, ಒಬ್ಬೊಬ್ಬರನ್ನೇ ಕಡೆದು ದುಂಡಗೆ ಮಾಡುತ್ತೇನೆ.”

“ರೇವಣಯ್ಯಾ,” ಎಂದರು ಗುರುಗಳು, “ಅಲ್ಲಿ ಉಳಿ ಆ ಮಕ್ಕಳು, ಮರ ನೀನು.”

ರೇವಣಯ್ಯ ಎದ್ದು, ಹಿಂದಿನ ದಿನ ತಾಟು ಬಿಟ್ಟು ಹೋದ ಹುಡುಗನನ್ನು ಹುಡುಕಿಕೊಂಡು ಹೊರಟ.